ಆಟಿಯ ಮಳೆಯಲ್ಲಿ ಸ್ವಾತಂತ್ರ್ಯೋತ್ಸವ: ಹಗ್ಗ ಯಾರ ಕೈಗೆ ಕೊಡುತ್ತೀರಿ?

ಪ್ರಶ್ನೆ: ಸುರತ್ಕಲ್ ಹತ್ತಿರ ನಾವು ಒಂದು ಸಣ್ಣ ಸಮುದಾಯ ಕುಟುಂಬ ಕೇಂದ್ರ ನಡೆಸುತ್ತಿದ್ದೇವೆ. ಬೆಳಿಗ್ಗೆ ಪುಟ್ಟ ಮಕ್ಕಳು, ತಾಯಂದಿರು. ಸಂಜೆ ಶಾಲೆ ಮಕ್ಕಳ ಓದು. ಶನಿವಾರ ಹಿರಿಯರ ಬಿಪಿ, ಶುಗರ್ ತಪಾಸಣೆ. ಸುಮಾರು ನಲ್ವತ್ತು ಮನೆಯವರು ಬರುತ್ತಾರೆ. ತುಳು, ಕೊಂಕಣಿ, ಬ್ಯಾರಿ ಮಾತಾಡುವವರಿದ್ದಾರೆ. ಗಾರೆ ಕೆಲಸಕ್ಕೆ ಬಂದ ಬಾಗಲಕೋಟೆ, ಗದಗ ಕಡೆಯವರೂ ಇದ್ದಾರೆ. ಕಳೆದ ವರ್ಷ ಆಗಸ್ಟ್ 15ರ ಕಾರ್ಯಕ್ರಮ ಪೂರಾ ಹಾಳಾಯಿತು. ಅತಿಥಿ ಬಂದದ್ದು ಒಂದು ಗಂಟೆ ತಡ. ಜೋರು ಮಳೆ. ಹಗ್ಗ ಎಳೆದರೆ ಧ್ವಜ ಬಿಚ್ಚಲಿಲ್ಲ. ಭಾಷಣ ಮುಗಿಯುವಾಗ ಮಕ್ಕಳೆಲ್ಲ ಅಳು. ಗಾರೆ ಕೆಲಸದ ಮನೆಯವರು ಹಿಂದೆ ನಿಂತು, ಲಾಡು ತೆಗೆದುಕೊಂಡು ಹೋದರು. ಈ ವರ್ಷ ಒಬ್ಬರು ಕೇಕ್ ತರೋಣ ಎನ್ನುತ್ತಾರೆ. ಇನ್ನೊಬ್ಬರು ಕಂಬಕ್ಕೆ ತೆಂಗಿನಕಾಯಿ ಒಡೆಯಬೇಕು ಎನ್ನುತ್ತಾರೆ. ತುಳುವರ ಮಳೆಗಾಲದ ತಿಂಗಳು ಆಟಿ ಬೇರೆ, ಒಬ್ಬರು ಅಜ್ಜಿ "ಆಟಿಯಲ್ಲಿ ಇದೆಲ್ಲ ಯಾಕೆ" ಅಂದರು. ಕೈಯಲ್ಲಿರುವುದು ಆರು ಸಾವಿರ ರೂಪಾಯಿ. ಹೇಗೆ ಮಾಡುವುದು, ಟೀಚರ್?

ಉತ್ತರ: ಅಜ್ಜಿಯಿಂದಲೇ ಸುರು ಮಾಡುತ್ತೇನೆ. ಅವರ ಪ್ರಶ್ನೆ ಎಲ್ಲಕ್ಕಿಂತ ಸುಲಭದ್ದು. ಆಟಿಯಲ್ಲಿ ಮದುವೆ, ಮನೆ ಒಕ್ಕಲು ಮಾಡುವುದಿಲ್ಲ, ನಿಜ. ಆದರೆ ದೇಶಕ್ಕೆ ಸ್ವಾತಂತ್ರ್ಯ ಬಂದದ್ದೇ ಆಟಿಯಲ್ಲಿ! 1947ರ ಆಗಸ್ಟ್ 15ಕ್ಕೆ ಮುಂದಿನ ಸೋಣ ತಿಂಗಳು ಇನ್ನೂ ಹುಟ್ಟಿರಲಿಲ್ಲ. ಇದನ್ನು ಅವರಿಗೆ ಹೇಳಿ ನೋಡಿ, ನಕ್ಕೇ ನಗುತ್ತಾರೆ. ನಕ್ಕ ಮೇಲೆ ಅವರಿಗೊಂದು ಕೆಲಸ ಕೊಡಿ. ಯಾವ ಕೆಲಸ ಅಂತ ಮುಂದೆ ಹೇಳುತ್ತೇನೆ.

ನಾನು ಕರಾವಳಿಯ ಶಾಲೆಗಳಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಧ್ವಜ ಕಟ್ಟಿದ್ದೇನೆ, ಮಕ್ಕಳನ್ನು ಸಾಲು ನಿಲ್ಲಿಸಿದ್ದೇನೆ, ಅತಿಥಿಗಳಿಗೆ ಕೊಡೆ ಹಿಡಿದಿದ್ದೇನೆ. ಕೊಡೆ ಹಿಡಿದದ್ದೇ ಜಾಸ್ತಿ ಅನ್ನಿ. ಪಥಸಂಚಲನ, ಗೌರವ ವಂದನೆ, ಗಣ್ಯರ ಭಾಷಣ ಎಲ್ಲ ಮಂಗಳೂರಿನ ನೆಹರೂ ಮೈದಾನದಲ್ಲಿ, ಉಡುಪಿಯ ಅಜ್ಜರಕಾಡಿನಲ್ಲಿ ಚೆಂದ. ಅಲ್ಲಿ ಅದಕ್ಕೆ ಜಾಗ ಇದೆ, ಜನ ಇದ್ದಾರೆ, ಅಭ್ಯಾಸ ಇದೆ. ಕುಟುಂಬ ಕೇಂದ್ರದಲ್ಲಿ ಅದನ್ನೇ ಸಣ್ಣದಾಗಿ ಮಾಡಲು ಹೋದರೆ ಉಳಿಯುವುದು ಕುರ್ಚಿ, ಮೈಕು, ಕಾಯುವಿಕೆ. ನಿಮ್ಮದು ಮನೆಮಂದಿ ಬಂದು ಹೋಗುವ ಜಾಗ. ಮನೆಯಲ್ಲಿ ಹಬ್ಬ ಅಂದರೆ ಒಬ್ಬರು ಕಾಯಿ ತುರಿಯುತ್ತಾರೆ, ಒಬ್ಬರು ಎಲೆ ಒರೆಸುತ್ತಾರೆ, ಮಕ್ಕಳು ಕಾಲಿಗೆ ಅಡ್ಡ ಬರುತ್ತಾ ಏನೋ ಒಂದು ಮಾಡುತ್ತಿರುತ್ತಾರೆ. ಸುಮ್ನೆ ಕೂತು ನೋಡುವವರು ಯಾರೂ ಇರುವುದಿಲ್ಲ ಅಲ್ವಾ? ಕಳೆದ ವರ್ಷ ನಿಮ್ಮಲ್ಲಿ ಕೆಲಸ ಇದ್ದದ್ದು ನಾಲ್ಕು ಜನರಿಗೆ. ಉಳಿದವರೆಲ್ಲ ಕಾದರು. ಮಳೆಯನ್ನು ಬೈದು ಪ್ರಯೋಜನ ಇಲ್ಲ, ಆಗಸ್ಟಿನಲ್ಲಿ ಅದು ಬರುವುದೇ.

ಈಗ ಬಿಚ್ಚದ ಧ್ವಜದ ವಿಷಯ. ಇದು ನನಗೂ ಆಗಿದೆ. ಒಂದು ಶಾಲೆಯಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೆಳಿಗ್ಗೆ ಗಡಿಬಿಡಿ ಬೇಡ ಎಂದು ಹಿಂದಿನ ಸಂಜೆಯೇ ಧ್ವಜದೊಳಗೆ ಹೂವಿನ ಎಸಳು ತುಂಬಿಸಿ, ಹತ್ತಿ ದಾರದಲ್ಲಿ ಕಟ್ಟಿ ತಯಾರು ಮಾಡಿದ್ದೆ. ನಸುಕಿಗೇ ಕಂಬದ ತುದಿಗೆ ಏರಿಸಿಯೂ ಆಯಿತು. ಆಮೇಲೆ ಎರಡು ಗಂಟೆ ಬಿಡದೆ ಮಳೆ. ದಾರ ನೀರು ಕುಡಿದು ಗಂಟು ಕಲ್ಲಿನ ಹಾಗೆ ಬಿಗಿದುಕೊಂಡಿತು. ಅತಿಥಿಗಳು ಎಳೆದರು, ಹೆಡ್‌ಮಾಸ್ಟರು ಎಳೆದರು, ನಾನು ಎಳೆದೆ. ಕೊನೆಗೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕಂಬ ಹತ್ತಿಯೇ ಬಿಟ್ಟ. ಒದ್ದೆ ಕಬ್ಬಿಣದ ಕಂಬ! ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅವನ ಕಾಲು ನೆಲ ಮುಟ್ಟುವ ತನಕ ಉಸಿರಿರಲಿಲ್ಲ. ನಿಮ್ಮಲ್ಲಿ ಯಾರನ್ನೂ ಹತ್ತಲು ಬಿಡಬೇಡಿ. ಸಿಕ್ಕಿಕೊಂಡರೆ ಕೆಳಗಿಳಿಸಿ, ಸರಿ ಮಾಡಿ, ಮತ್ತೆ ಏರಿಸಿ. ಅದರಲ್ಲಿ ಧ್ವಜಕ್ಕೂ ಅವಮಾನ ಇಲ್ಲ, ನಿಮಗೂ ಇಲ್ಲ.

ಇನ್ನೂ ಒಳ್ಳೆಯ ಉಪಾಯ ಎಂದರೆ ಗಂಟೇ ಹಾಕದಿರುವುದು. ಜನವರಿ 26ಕ್ಕೆ ಧ್ವಜವನ್ನು ಮೊದಲೇ ಕಂಬದ ತುದಿಯಲ್ಲಿ ಕಟ್ಟಿಟ್ಟು ಅರಳಿಸುವುದು ವಾಡಿಕೆ. ಆಗಸ್ಟ್ 15ರದ್ದು ಆರೋಹಣ, ಅಂದರೆ ಕೆಳಗಿನಿಂದ ಮೇಲಕ್ಕೆ ಏರಬೇಕು. ಹಾಗಿದ್ದ ಮೇಲೆ ಮೂಟೆ ಯಾಕೆ ಕಟ್ಟಬೇಕು? ಬಿಚ್ಚಿದ ಧ್ವಜವನ್ನೇ ಹಗ್ಗಕ್ಕೆ ಸಿಕ್ಕಿಸಿ ಏರಿಸಿ. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ ಎನ್ನುತ್ತದೆ ಧ್ವಜ ಸಂಹಿತೆ. ರಾಷ್ಟ್ರೀಯ ಹಬ್ಬಗಳಂದು ಒಳಗೆ ಹೂವಿನ ಎಸಳು ಇಡುವುದಕ್ಕೆ ಸಂಹಿತೆಯ ಅಡ್ಡಿ ಇಲ್ಲ. ಆದರೆ ನಮ್ಮ ಮಳೆಯಲ್ಲಿ ಒದ್ದೆ ಎಸಳು ಬಟ್ಟೆಗೆ ಅಂಟಿ ಕಲೆ ಬೀಳುತ್ತದೆ. ಎಸಳುಗಳನ್ನು ಪುಟ್ಟ ಮಕ್ಕಳ ಕೈಗೆ ಕೊಟ್ಟುಬಿಡಿ. ಧ್ವಜ ಏರುವಾಗ ಎರಚಲಿ. ಅರ್ಧ ಅವರ ತಲೆ ಮೇಲೆಯೇ ಬೀಳುತ್ತದೆ, ಬೀಳಲಿ.

ಒಂದು ವಾರ ಮುಂಚೆ ರಾಟೆ ನೋಡಿ. ಸುರತ್ಕಲ್ ಎಂದರೆ ಕಡಲ ಗಾಳಿ, ರಾಟೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಎಣ್ಣೆ ಬಿಟ್ಟು, ಒಂದು ಹಳೆ ಬೈರಾಸು (ಟವೆಲು) ಸಿಕ್ಕಿಸಿ ಎರಡು ಸಲ ಏರಿಸಿ ಇಳಿಸಿ. ಹಗ್ಗ ನೈಲಾನಿನದ್ದಾಗಲಿ. ಕಂಬ ಹೊಸತಾಗಿ ನಿಲ್ಲಿಸುವುದಾದರೆ ಮೊದಲು ತಲೆ ಎತ್ತಿ ಕರೆಂಟಿನ ತಂತಿ ನೋಡಿ. ಕಬ್ಬಿಣದ ಪೈಪು ನಿಲ್ಲಿಸುವಾಗ ತಂತಿಗೆ ತಾಗಿ ಜೀವ ಹೋದ ಸುದ್ದಿಗಳನ್ನು ನಾವು ಓದಿದ್ದೇವೆ. ಕಂಬ ಎಷ್ಟು ಉದ್ದವೋ ಅದಕ್ಕಿಂತ ಹೆಚ್ಚು ದೂರದಲ್ಲಿ ತಂತಿ ಇರಬೇಕು, ಕಂಬ ವಾಲಿ ಬಿದ್ದರೂ ತಾಗದ ಹಾಗೆ.

ಮಳೆಯಲ್ಲಿ ಧ್ವಜ ಹಾರಿಸಬಹುದಾ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಹಾರಿಸಬಹುದು. ಹವಾಮಾನ ಹೇಗೇ ಇದ್ದರೂ ಸೂರ್ಯೋದಯದಿಂದ ಸೂರ್ಯಾಸ್ತದ ತನಕ ಎಂದೇ ಹಿಂದಿನ ನಿಯಮ ಇತ್ತು. 2022ರ ಜುಲೈಯಲ್ಲಿ ತಿದ್ದುಪಡಿಯಾಗಿ, ಬಯಲಲ್ಲಿ ಅಥವಾ ಜನರ ಮನೆಯಲ್ಲಿ ಹಗಲು ರಾತ್ರಿ ಹಾರಬಹುದು ಎಂದಾಯಿತು. ಆದರೂ ನೀವು ಸಂಜೆ ಇಳಿಸಿಯೇ ಬಿಡಿ. ರಾತ್ರಿಯ ಗಾಳಿಮಳೆಗೆ ಬಟ್ಟೆಯ ಅಂಚು ಸೀಳುತ್ತದೆ, ಹರಿದ ಧ್ವಜ ಹಾರಿಸುವುದು ತಪ್ಪು.

ಅಳತೆ ಎಷ್ಟೇ ಇರಲಿ, ಉದ್ದ ಮತ್ತು ಎತ್ತರ 3ಕ್ಕೆ 2ರ ಲೆಕ್ಕದಲ್ಲಿರಬೇಕು. ನಿಮ್ಮ ಅಂಗಳಕ್ಕೆ ಮೂರು ಅಡಿ ಉದ್ದ, ಎರಡು ಅಡಿ ಎತ್ತರದ್ದು ಸಾಕು. 2021ರ ಕೊನೆಯಲ್ಲಿ ನಿಯಮ ಸಡಿಲವಾದ ಮೇಲೆ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಇದೆ. ಅದು ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಇಷ್ಟೆಲ್ಲ ಗೊತ್ತಿದ್ದೂ ನಿಮಗೆ ನಾನು ಹೇಳುವುದು ಖಾದಿಯದ್ದೇ ತನ್ನಿ ಎಂದು. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಅದರಲ್ಲಿ ಬಾಗಲಕೋಟೆ ಎಂದು ಓದಿದಾಗಲೇ ನನಗೆ ಖುಷಿಯಾಯಿತು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರಲ್ಲಿ ಸುರುವಾದದ್ದು. ಬಿಐಎಸ್ (ಸರಕಾರದ ಗುಣಮಟ್ಟ ಸಂಸ್ಥೆ) ಗುರುತಿನ ಖಾದಿ ರಾಷ್ಟ್ರಧ್ವಜ ಅಲ್ಲಿ ತಯಾರಾಗಿ ದೇಶದ ಎಲ್ಲ ಕಡೆ ಹೋಗುತ್ತದೆ. ಆ ಧ್ವಜದ ಬಟ್ಟೆ ನೇಯುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ. ಆಮೇಲೆ ಬಣ್ಣ, ಚಕ್ರದ ಅಚ್ಚು, ಹೊಲಿಗೆ ಬೆಂಗೇರಿಯಲ್ಲಿ. ಕೆಲಸದವರಲ್ಲಿ ಹೆಚ್ಚಿನವರು ಹೆಂಗಸರು. ಚಕ್ರದ 24 ಕಡ್ಡಿಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಅಳತೆ, ಬಣ್ಣ, ಹೊಲಿಗೆ ಯಾವುದು ತಪ್ಪಿದರೂ ಆ ಧ್ವಜ ಹೊರಗೆ ಹೋಗುವ ಹಾಗಿಲ್ಲ.

ಕಳೆದ ವರ್ಷ ನಿಮ್ಮ ಹಿಂದಿನ ಸಾಲಿನಲ್ಲಿ ನಿಂತಿದ್ದವರು ಆ ಸೀಮೆಯವರು. ನಾವು ಇಲ್ಲಿ "ಘಟ್ಟದ ಮೇಲಿನವರು" ಎಂದು ಒಂದೇ ಮಾತಿನಲ್ಲಿ ಅವರನ್ನು ಆಚೆ ಇಡುತ್ತೇವೆ. ನಮ್ಮ ಮನೆಯ ಗೋಡೆ ಎಬ್ಬಿಸಿದವರು ಅವರು. ಸ್ವಾತಂತ್ರ್ಯ ದಿನ ನಾವು ತಲೆ ಎತ್ತಿ ನೋಡುವ ಬಟ್ಟೆಯೂ ಅವರ ಊರಿನದ್ದೇ. ಈ ವರ್ಷ ಹಗ್ಗ ಅವರಲ್ಲೊಬ್ಬ ತಾಯಿಯ ಕೈಗೆ ಕೊಡಿ ಎಂಬುದು ನನ್ನ ಸಲಹೆ. ಅದನ್ನು ಉಪಕಾರದ ಹಾಗೆ ಮೈಕಿನಲ್ಲಿ ಘೋಷಿಸಬೇಡಿ. "ನಮ್ಮ ಬಡ ಕೂಲಿ ಕಾರ್ಮಿಕ ಸಹೋದರಿ" ಎಂದೆಲ್ಲ ಸುರು ಮಾಡಿದರೆ ಆಕೆ ಮುಂದಿನ ವರ್ಷ ಆ ಕಡೆ ತಲೆ ಹಾಕುವುದಿಲ್ಲ. ಹತ್ತು ದಿನ ಮುಂಚೆ ಮನೆಗೆ ಹೋಗಿ, ಒಂದು ಲೋಟ ಚಾ ಕುಡಿದು, "ಅಕ್ಕಾ, ಈ ಸಲ ನೀವು ಏರಿಸಬೇಕು" ಎಂದು ಕೇಳಿ. ನಾಚಿಕೊಂಡರೆ ಗಂಡ ಮಕ್ಕಳೊಂದಿಗೆ ಸೇರಿ ಏರಿಸಲಿ. ರಾಟೆ ಪರೀಕ್ಷೆ ಮಾಡುವ ದಿನವೇ ಅವರನ್ನು ಕರೆದು ಎರಡು ಸಲ ಕೈ ಪಳಗಿಸಿ. ಬರುವ ವರ್ಷದಿಂದ ಚೀಟಿ ಎತ್ತಿ.

ಧ್ವಜ ಏರಿಸಲು ದೊಡ್ಡ ಹುದ್ದೆಯವರೇ ಬೇಕು ಎಂಬ ನಿಯಮ ಎಲ್ಲೂ ಇಲ್ಲ. 2002ರ ಜನವರಿ 26ರಂದು ಜಾರಿಗೆ ಬಂದ ಧ್ವಜ ಸಂಹಿತೆ ಸಾಮಾನ್ಯ ಜನರಿಗೆ ವರ್ಷದ ಎಲ್ಲ ದಿನವೂ ಧ್ವಜ ಹಾರಿಸಲು ದಾರಿ ಮಾಡಿತು. ಗೌರವದಿಂದ ಧ್ವಜ ಹಾರಿಸುವುದು ಪ್ರಜೆಗಳ ಮೂಲಭೂತ ಹಕ್ಕು ಎಂದು 2004ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆದ್ದರಿಂದ ಅತಿಥಿ ಬಂದಿಲ್ಲ ಎಂದು ನಲ್ವತ್ತು ಮನೆಯವರು ಕೊಡೆ ಹಿಡಿದು ಕಾಯುವ ಅಗತ್ಯ ಇಲ್ಲ. ಅತಿಥಿಯನ್ನೇ ಕರೆಯಬೇಡಿ ಎನ್ನುವವಳು ನಾನು. ಶಾಲು, ಹಾರ, ಸ್ಮರಣಿಕೆಯ ಖರ್ಚೂ ಉಳಿಯುತ್ತದೆ. ಕಾರ್ಪೊರೇಟರೋ ಪಂಚಾಯತ್ ಸದಸ್ಯರೋ ತಾವಾಗಿ ಬಂದರೆ ಸಂತೋಷ, ಎಲ್ಲರ ಜೊತೆ ಬಂದು ನಿಲ್ಲಲಿ. ಯಾವ ಪಕ್ಷದವರಾದರೂ ಅಷ್ಟೆ.

ಸಮಯ ಯಾವಾಗ ಇಡುವುದು? ಶಾಲೆಗಳಲ್ಲಿ ಬೆಳಿಗ್ಗೆ ಬೇಗ ಮುಗಿಯುತ್ತದೆ. ಅಂಗನವಾಡಿ ಟೀಚರಿಗೆ ಅವರದ್ದೇ ಧ್ವಜ ಇದೆ. ಆಗಸ್ಟ್ 15 ಕ್ರೈಸ್ತರಿಗೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಹೌದು, ಕೊಂಕಣಿ ಮನೆಗಳಲ್ಲಿ ಹಲವರು ಬೆಳಿಗ್ಗೆ ಪೂಜೆಗೆ ಇಗರ್ಜಿಗೆ ಹೋಗಿರುತ್ತಾರೆ. ಮದರಸಕ್ಕೆ ಹೋಗುವ ಮಕ್ಕಳಿಗೆ ಅಲ್ಲೂ ಧ್ವಜಾರೋಹಣ ಇರುತ್ತದೆ. ಹತ್ತೂಕಾಲು ಗಂಟೆಗೆ ಇಟ್ಟರೆ ಎಲ್ಲರೂ ಸಿಗುತ್ತಾರೆ. ಗಾರೆ ಕೆಲಸದವರಿಗೆ ಅಂದು ರಜೆ ಇದೆಯಾ ಇಲ್ಲವಾ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ. ರಜೆ ಕೊಟ್ಟರೆ ಕೂಲಿಯೂ ಇಲ್ಲ ಎನ್ನುವ ಕೆಲಸ ಅದು.

ಅಂಗಳದಲ್ಲಿ ಐದೇ ನಿಮಿಷ ನಿಲ್ಲಿ. ಧ್ವಜ, ರಾಷ್ಟ್ರಗೀತೆ, ಆಮೇಲೆ ಎಲ್ಲರೂ ಒಳಗೆ. ಶಾಮಿಯಾನ ಬಾಡಿಗೆಗೆ ತರಲೇಬೇಡಿ. ಆಗಸ್ಟಿನ ಶಾಮಿಯಾನ ಅರ್ಧ ಗಂಟೆಯಲ್ಲಿ ನೀರು ತುಂಬಿ ಹೊಟ್ಟೆ ಬಿಡುತ್ತದೆ, ಯಾರೋ ಕೋಲಿನಿಂದ ಎತ್ತುತ್ತಾರೆ, ಕೆಳಗೆ ಕೂತವರಿಗೆ ಸ್ನಾನ. ಮಳೆ ಬಿಡುವು ಕೊಟ್ಟಾಗ ಹೊರಗೆ ಬನ್ನಿ. ಬಿಡುವೇ ಕೊಡದಿದ್ದರೆ ಏರಿಸುವವರು ಮಾತ್ರ ಕಂಬದ ಹತ್ತಿರ ಹೋಗಲಿ, ಮಕ್ಕಳು ಜಗಲಿಯಲ್ಲಿ ನಿಂತು ಹಾಡಲಿ. ಅಂಗಳ ಪಾಚಿಗಟ್ಟಿರುತ್ತದೆ. ಎರಡು ದಿನ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆಯಿರಿ, ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸಿ ಇಲ್ಲವೇ ಹೊಯ್ಗೆ (ಮರಳು) ಚೆಲ್ಲಿ. ಅರುವತ್ತು ದಾಟಿದವರಿಗೆ ಇದು ಭಾಷಣಕ್ಕಿಂತ ದೊಡ್ಡ ವಿಷಯ, ಬಿದ್ದು ಸೊಂಟ ಮುರಿದರೆ ಮತ್ತೆ ಏಳುವುದು ಕಷ್ಟ. ಮೈಕಿನ ವಯರನ್ನು ಒದ್ದೆ ನೆಲದಲ್ಲಿ ಎಳೆಯಬೇಡಿ. ನಲ್ವತ್ತು ಮನೆಗೆ ಮೈಕು ಯಾಕೆ ಬೇಕು ಎಂದೂ ಯೋಚಿಸಿ.

ರಾಷ್ಟ್ರಗೀತೆಯನ್ನು ಫೋನಿನಲ್ಲಿ ಹಾಕಿ ಕೇಳಿಸಬೇಡಿ, ನೀವೇ ಹಾಡಿ. ಪೂರ್ತಿ ಹಾಡಲು ಸುಮಾರು 52 ಸೆಕೆಂಡು. ಎಳೆದು ಎಳೆದು ಹಾಡಿದರೆ ಒಂದೂವರೆ ನಿಮಿಷವಾಗುತ್ತದೆ, ನಡುವೆ ಮಕ್ಕಳ ಸ್ವರ ಒಂದು ಕಡೆ, ದೊಡ್ಡವರದ್ದು ಒಂದು ಕಡೆ. ಸಂಜೆ ಓದಲು ಬರುವ ಮಕ್ಕಳಿಗೆ ಒಂದು ವಾರ ಗಡಿಯಾರ ನೋಡಿ ಅಭ್ಯಾಸ ಮಾಡಿಸಿ, ಅವರೇ ಮುಂದೆ ನಿಂತು ಹಾಡಿಸಲಿ. ನಿಲ್ಲಲಾಗದ ಹಿರಿಯರಿಗೆ ಕುರ್ಚಿ ಕೊಡಿ. ಹಾಡದೆ ಸುಮ್ನೆ ಗೌರವದಿಂದ ನಿಂತವರು ಯಾರಾದರೂ ಇದ್ದರೆ ಅವರ ಮುಖ ನೋಡಿ ಗೊಣಗಬೇಡಿ. ಕೇರಳದಲ್ಲಿ ಧಾರ್ಮಿಕ ನಂಬಿಕೆಯ ಕಾರಣ ಹಾಡದೆ ನಿಂತ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದು ತಪ್ಪು ಎಂದು 1986ರಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ನಾಡಗೀತೆ ಎರಡೂವರೆ ನಿಮಿಷದ್ದು. ಅದನ್ನು ಒಳಗೆ ಹೋದ ಮೇಲೆ ಹಾಡಿ, ಪುಟ್ಟವರು ಕೂತು ಕೇಳಲಿ.

ಒಳಗೆ ಹೋದ ಮೇಲೆ ಭಾಷಣ ಬೇಡ, ಕತೆ ಇರಲಿ. ಮೂರು ಕತೆ, ಒಂದೊಂದಕ್ಕೆ ಐದು ನಿಮಿಷ, ಹೇಳುವವರು ಬೇರೆ ಬೇರೆ ಮನೆಯವರು. ದೆಹಲಿಯ ಕತೆ ಟಿವಿಯಲ್ಲಿ ಬರುತ್ತದೆ. ನೀವು ಮಂಗಳೂರಿನದ್ದು ಹೇಳಿ.

ಮೊದಲನೆಯದು ಕಮಲಾದೇವಿ ಚಟ್ಟೋಪಾಧ್ಯಾಯರದ್ದು. ಹೆಸರು ಕೇಳಿ ಬಂಗಾಳದವರು ಎಂದುಕೊಳ್ಳುವವರೇ ಜಾಸ್ತಿ. ಅವರು ಹುಟ್ಟಿದ್ದು ಇದೇ ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಸುರುವಾದಾಗ ಹೆಂಗಸರನ್ನೂ ಸೇರಿಸಿಕೊಳ್ಳಬೇಕು ಎಂದು ಗಾಂಧೀಜಿಯ ಹತ್ತಿರ ವಾದಿಸಿದವರು. ಮುಂಬೈಯಲ್ಲಿ ಉಪ್ಪಿನ ಪೊಟ್ಟಣ ಹಿಡಿದು ಶೇರು ಪೇಟೆಗೇ ಹೋಗಿ ಮಾರಿದವರು. ಅದೇ ವರ್ಷ ಒಂದು ನೂಕುನುಗ್ಗಲಿನಲ್ಲಿ ತ್ರಿವರ್ಣ ಧ್ವಜವನ್ನು ಕಿತ್ತುಕೊಳ್ಳಲು ಬಂದಾಗ ಬಿಡದೆ ಅಪ್ಪಿ ಹಿಡಿದದ್ದಕ್ಕೆ ದೇಶಕ್ಕೆಲ್ಲ ಗೊತ್ತಾದರು. ಇದನ್ನು ಹೇಳುವಾಗ ಒಂದು ಹುಡುಗಿಯ ಕೈಗೆ ಸಣ್ಣ ಧ್ವಜ ಕೊಟ್ಟು ನಿಲ್ಲಿಸಿ. ಮತ್ತೆ ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತಾಯಂದಿರಿಗೆ ಇದರ ಬಾಲಕ್ಕೆ ಇನ್ನೊಂದು ಸೇರಿಸಿ: 1947ರ ಆಗಸ್ಟ್ 14ರ ನಡುರಾತ್ರಿ ಸಂವಿಧಾನ ಸಭೆಗೆ ಧ್ವಜವನ್ನು ಒಪ್ಪಿಸಿದ್ದು ಒಬ್ಬ ಹೆಂಗಸು, ಹಂಸಾ ಮೆಹ್ತಾ, ದೇಶದ ಹೆಂಗಸರೆಲ್ಲರ ಪರವಾಗಿ.

ಎರಡನೆಯದು ಬಾವುಟಗುಡ್ಡೆ. ಹೆಸರಿನಲ್ಲೇ ಬಾವುಟ ಇದೆ. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ರೈತರ ದಂಡು ಬೆಳ್ಳಾರೆ, ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ಬಂದು ಕಂಪೆನಿ ಸರಕಾರವನ್ನು ಓಡಿಸಿ ಆ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪೆನಿಯ ಸೈನ್ಯ ಬಂದು ದಂಗೆಯನ್ನು ಅಡಗಿಸಿತು, ಮುಂದಾಳುಗಳನ್ನು ಗಲ್ಲಿಗೇರಿಸಿತು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲಿನ ಮಾತಿದು. ದಂಡಿನ ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಅಲ್ಲಿ ನಿಲ್ಲಿಸಿದ್ದಾರೆ. ಮುಂದಿನ ಭಾನುವಾರ ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸಿ.

ಮೂರನೆಯದು ಕಾರ್ನಾಡು ಸದಾಶಿವ ರಾಯರದ್ದು. ಹಂಪನಕಟ್ಟೆಯ ಕೆ.ಎಸ್. ರಾವ್ ರಸ್ತೆಯಲ್ಲಿ ಸೀರೆ, ಚಪ್ಪಲಿ ತೆಗೆಯಲು ನಾವೆಲ್ಲ ಹೋಗುತ್ತೇವೆ. ಆ ಕೆ.ಎಸ್. ರಾವ್ ಇವರೇ. ಶ್ರೀಮಂತ ಮನೆಯ ವಕೀಲರು, 1919ರಲ್ಲಿ ಗಾಂಧೀಜಿಯ ಸತ್ಯಾಗ್ರಹದ ಪ್ರತಿಜ್ಞೆಗೆ ನಮ್ಮ ನಾಡಿನಿಂದ ಮೊದಲಿಗೆ ಸಹಿ ಹಾಕಿದವರು. ಇದ್ದದ್ದನ್ನೆಲ್ಲ ಚಳವಳಿಗೆ ಸುರಿದರು. 1937ರಲ್ಲಿ ತೀರಿಕೊಳ್ಳುವಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಸ್ವಾತಂತ್ರ್ಯ ನೋಡಲು ಇನ್ನು ಹತ್ತು ವರ್ಷ ಬದುಕಬೇಕಿತ್ತು.

ಸಮಯ ಇದ್ದರೆ ಒಂದು ಕ್ವಿಜ್ ಪ್ರಶ್ನೆ ಕೇಳಿ. 1947ರ ಆಗಸ್ಟ್ 15ರಂದು ಮಂಗಳೂರು ಯಾವ ರಾಜ್ಯದಲ್ಲಿತ್ತು? ದೊಡ್ಡವರೂ ಮೈಸೂರು ಎನ್ನುತ್ತಾರೆ. ಆಗ ನಾವು ಮದ್ರಾಸ್ ಪ್ರಾಂತ್ಯದವರು. ಉಡುಪಿ, ಕಾಸರಗೋಡು ಎಲ್ಲ ಸೇರಿ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಬಾಗಲಕೋಟೆಯವರ ಅಜ್ಜ ಆಗ ಮುಂಬೈ ಪ್ರಾಂತ್ಯದವರು. ಇಬ್ಬರೂ ಒಂದೇ ರಾಜ್ಯದವರಾದದ್ದು ಅವತ್ತೇ.

ಎಂಬತ್ತೈದು ದಾಟಿದವರು ಯಾರಾದರೂ ನಿಮ್ಮ ಮನೆಗಳಲ್ಲಿದ್ದರೆ ಕರೆತನ್ನಿ. ಅವರಿಗೆ ನೆಹರೂ ಭಾಷಣ ನೆನಪಿರುವುದಿಲ್ಲ. ರೇಶನ್ ಅಕ್ಕಿ, ಸೀಮೆಎಣ್ಣೆಗೆ ನಿಂತ ಸಾಲು, ಶಾಲೆಯಲ್ಲಿ ಕೊಟ್ಟ ಮಿಠಾಯಿ, ಅಂಥದ್ದು ಏನಾದರೂ ನೆನಪಿರಬಹುದು. ಅವರ ಭಾಷೆಯಲ್ಲೇ ಹೇಳಲಿ, ಮೊಮ್ಮಕ್ಕಳು ಕನ್ನಡಕ್ಕೆ ತಿರುಗಿಸಲಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಇನ್ನು ಅಜ್ಜಿಯ ಕೆಲಸ. ಅವರ ಮನೆಯ ಅಟ್ಟದಲ್ಲಿ ಚೆನ್ನೆಮಣೆ ಇದ್ದೇ ಇರುತ್ತದೆ. ಆಟಿಯಲ್ಲಿ ಆಡುವ ಆಟ ಅದು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಒಟ್ಟು ಎಷ್ಟು ಎಂದು ಕೇಳಿದರೆ ಮಗ್ಗಿಯೂ ಆಯಿತು. ಅಜ್ಜಿ ಎರಡು ಮಕ್ಕಳಿಗೆ ಕಲಿಸಲಿ, ಅವರು ಉಳಿದವರಿಗೆ ಕಲಿಸುತ್ತಾರೆ. ಎರಡು ಮೂರು ವರ್ಷದ ಮಕ್ಕಳನ್ನು ಮಾತ್ರ ಆ ಮಂಜೊಟ್ಟಿ ಕಾಯಿಗಳ ಹತ್ತಿರ ಬಿಡಬೇಡಿ, ಮೂಗಿಗೋ ಬಾಯಿಗೋ ಹಾಕಿಕೊಳ್ಳುತ್ತಾರೆ. ಕಾಗದದ ಧ್ವಜವನ್ನು ಅವರ ಅಂಗಿಗೆ ಗುಂಡುಪಿನ್ನಿನಲ್ಲಿ ಚುಚ್ಚುವುದೂ ಬೇಡ. ಕೈಗೆ ಕೊಡಿ. ಹೊರಡುವಾಗ ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟು ವಾಪಸು ತೆಗೆದುಕೊಳ್ಳಿ. ಕಾಗದದ ಧ್ವಜ ನೆಲದಲ್ಲಿ ಬಿದ್ದಿರುವುದು, ಮರುದಿನ ಚರಂಡಿಯಲ್ಲಿ ಕಾಣುವುದು ನನಗೆ ಆಗುವುದೇ ಇಲ್ಲ. ಸಂಹಿತೆಯೂ ಬಿಸಾಡಬಾರದು ಎನ್ನುತ್ತದೆ. ಪ್ಲಾಸ್ಟಿಕ್ ಧ್ವಜ, ಅಲಂಕಾರದ ಥರ್ಮಾಕೋಲ್ ಎರಡೂ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ಅಂಗಡಿಯಲ್ಲಿ ಸಿಗುತ್ತದೆ ಎಂದು ತರಬೇಡಿ. ಬೇಲಿಯಲ್ಲಿ ಕೇಪಳ ಇದೆ, ನಂದಿಬಟ್ಟಲು ಇದೆ, ಹಸುರಿಗೆ ಬರಗಾಲವೇ ಇಲ್ಲ. ಅದರಲ್ಲೇ ಹೂವಿನ ರಂಗೋಲಿ ಹಾಕಿ. ನೆಲದಲ್ಲಿ ಚಕ್ರ ಸಮೇತ ಧ್ವಜವನ್ನೇ ಬಿಡಿಸುವುದು ಬೇಡ, ಯಾರಾದರೂ ತುಳಿದೇ ತುಳಿಯುತ್ತಾರೆ.

ಕೇಕ್ ವಿಷಯಕ್ಕೆ ಬಂದರೆ, ತ್ರಿವರ್ಣದ ಕೇಕ್ ಕತ್ತರಿಸಿದ್ದು ಅಪರಾಧ ಅಲ್ಲ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟು ಹೇಳಿದೆ. ಕಾನೂನಿನ ಹೆದರಿಕೆ ಇಲ್ಲ. ಆದರೆ ಆಟಿಯಲ್ಲಿ ಕೆಸುವಿನ ಎಲೆ ಸೊಂಪಾಗಿ ಎದ್ದಿರುವಾಗ ಕೇಕ್ ತರುವುದು ನನಗಂತೂ ಸರಿ ಕಾಣುವುದಿಲ್ಲ. ಪತ್ರೊಡೆ ಮಾಡಿ. ಎಲೆ ಸುರುಳಿ ಸುತ್ತಲು ಹತ್ತು ಕೈ ಬೇಕು, ಹತ್ತು ಮನೆಯವರು ಹಿಂದಿನ ದಿನ ಸೇರುತ್ತಾರೆ. ಹುಳಿ ಸರಿಯಾಗಿ ಬೀಳಲಿ, ಇಲ್ಲವಾದರೆ ಬಾಯಿ ತುರಿಸಿ ಮಕ್ಕಳು ಮತ್ತೆ ಅಳುತ್ತಾರೆ. ಬಾಗಲಕೋಟೆಯವರನ್ನು ಕೇಳಿ ನೋಡಿ, ರೊಟ್ಟಿ, ಶೇಂಗಾ ಚಟ್ನಿ ತಂದೇ ತರುತ್ತಾರೆ. ಜೋಳದ ಹಿಟ್ಟಿನ, ಶೇಂಗಾದ ಖರ್ಚು ಕೇಂದ್ರದ್ದಾಗಲಿ.

ತೆಂಗಿನಕಾಯಿ ಒಡೆಯುವುದು ಬೇಡ ಎಂದು ನನಗನ್ನಿಸುತ್ತದೆ. ಒಡೆದರೆ ಆರತಿಯೂ ಬೇಕು ಎನ್ನುವವರು ಬರುತ್ತಾರೆ, ಒಬ್ಬರ ಕ್ರಮ ಇನ್ನೊಬ್ಬರಿಗೆ ಆಗುವುದಿಲ್ಲ. ಎಲ್ಲ ಜಾತಿ ಧರ್ಮದವರೂ ಒಂದೇ ರೀತಿ ನಿಲ್ಲಬಹುದಾದ ಜಾಗ ಆ ಕಂಬದ ಬುಡ. ಅದು ಹಾಗೆಯೇ ಇರಲಿ. ಕಾಯಿ ಪತ್ರೊಡೆಗೆ ಹೇಗೂ ಬೇಕಲ್ಲ, ಆ ಅಣ್ಣನಿಗೆ ಅಡುಗೆಮನೆಯಲ್ಲಿ ಹತ್ತು ಕಾಯಿ ಒಡೆಯುವ ಕೆಲಸ ಕೊಡಿ.

ಆರು ಸಾವಿರ ಧಾರಾಳ ಸಾಕು. ಮೊದಲು ಧ್ವಜ, ಹಗ್ಗ, ರಾಟೆ. ಅದು ಹಲವು ವರ್ಷಕ್ಕೆ ಬರುತ್ತದೆ. ಉಳಿದದ್ದು ತಿಂಡಿಗೆ. ಫ್ಲೆಕ್ಸಿಗೆ ಒಂದು ರೂಪಾಯಿಯೂ ಬೇಡ.

ಸಂಜೆ ಇಳಿಸಿದ ಧ್ವಜವನ್ನು ಒದ್ದೆಯಾಗಿಯೇ ಮಡಚಿಟ್ಟರೆ ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಒಳಗೆ ಫ್ಯಾನಿನ ಕೆಳಗೆ, ನೆಲಕ್ಕೆ ತಾಗದ ಹಾಗೆ ಇಬ್ಬರು ಸೇರಿ ಹರಡಿ ಒಣಗಿಸಿ. ಒಣಗಿದ ಮೇಲೆ ಕೇಸರಿ ಮತ್ತು ಹಸುರು ಪಟ್ಟಿಗಳನ್ನು ಬಿಳಿಯ ಕೆಳಗೆ ಮಡಚಿ, ಆಮೇಲೆ ಬಿಳಿಯ ಎರಡೂ ತುದಿ ಒಳಗೆ ತಂದರೆ ಚಕ್ರ ಮೇಲೆ ಬರುತ್ತದೆ. ಅಂಗೈ ಮೇಲೆ ಇಟ್ಟುಕೊಂಡು ಹೋಗಿ ಕಪಾಟಿನಲ್ಲಿಡಿ. ಯಾವತ್ತಾದರೂ ಹರಿದರೆ ನೆಲ ಒರೆಸುವ ಬಟ್ಟೆಯ ರಾಶಿಗೆ ಸೇರಿಸಬೇಡಿ. ನಾಲ್ಕು ಜನರ ಕಣ್ಣಿಗೆ ಬೀಳದ ಹಾಗೆ, ಗೌರವದಿಂದ ಪೂರ್ತಿ ಸುಟ್ಟುಬಿಡಿ. ಮತ್ತೆ ಆ ಕಪಾಟಿನ ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಜನವರಿ 25ರ ರಾತ್ರಿ ಎಲ್ಲರೂ ಹುಡುಕುವುದು ಅದನ್ನೇ.